ವಿನೆಗರ್: ಹುಳಿಯ ಹಿಂದಿರುವ ಮದ್ಯ

ವಿನೆಗರಿನ ಮೂಲವು ಮದ್ಯ. ದ್ರಾಕ್ಷಿಯ ಮದ್ಯವನ್ನು ಹುಳಿಯಾಗಿಸುವುದು ಅದರ ಮೇಲೆ ಪೊರೆಗಟ್ಟುವ ಸೂಕ್ಷ್ಮಜೀವಿಗಳೇ ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1864ರಲ್ಲಿ ನಿರೂಪಿಸಿದರು. ಮದ್ಯವು ಅನೇಕ ಜೀವಿಗಳ ಉತ್ಪತ್ತಿಸ್ಥಾನವೆಂದು ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ತಿಳಿಸಿ ಆಗಲೇ ಸುಮಾರು ಒಂಬತ್ತು ಶತಮಾನಗಳು ಸಂದಿದ್ದವು. ಸೂಕ್ಷ್ಮದರ್ಶಕವು ತಡವಾಗಿ ಬಂದಿತೆನ್ನಬೇಕು!

1845ರಲ್ಲಿ ಜರ್ಮನಿಯ ಹರ್ಮನ್ ಕೋಲ್ಬೆ ಇಂಗಾಲ, ಗಂಧಕಗಳ ಸಂಯುಕ್ತದಿಂದಲೇ ಅಸಿಟಿಕ್ ಆಮ್ಲವನ್ನು ತಯಾರಿಸಿದ್ದರು. ಅಂಗಡಿಯ 'ಸಿಂಥೆಟಿಕ್ ವಿನೆಗರ್' ಎಂದರೆ ನೀರು ಬೆರೆಸಿದ ಅಸಿಟಿಕ್ ಆಮ್ಲ. ಇದಾದರೂ ನಿರ್ದೋಷವೆಂದು ಶ್ರಾವಕರು ಸಮಾಧಾನಪಡುವಂತಿಲ್ಲ. ಭಾರತದ ಕಾರ್ಖಾನೆಗಳಲ್ಲಿ ಆ ಆಮ್ಲವನ್ನು ಕಾಕಂಬಿಯ ಮದ್ಯಸಾರದಿಂದಲೂ ತೆಗೆದದ್ದುಂಟು. ಸೀಸೆಯ ಮೇಲಿನ ಹಸಿರು ಚಿಹ್ನೆ ಇದನ್ನು ತಿಳಿಸದು.

ನಿಂಬೆ, ಹುಣಸೆ, ಪುನರ್ಪುಳಿಗಳಿರುವ ಅಡುಗೆಮನೆಗೆ ಅದರ ಅಗತ್ಯವಾದರೂ ಏನು? ಬಸದಿಯ ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹಣ್ಣು ಸಾಕು. ಅಮೃತಶಿಲೆಗಂತೂ ಯಾವ ಹುಳಿಯನ್ನೂ ಸೋಕಿಸಬಾರದು. ಶಿಲೆಯ ಸುಣ್ಣದಂಶ ಕರಗಿ ಹೊಳಪು ಹೋಗುತ್ತದೆ.