ಎರಡೇ ದಿನಗಳ ತಿಂಗಳು: ಜಪಾನಿನ ಹಬ್ಬಗಳು ಮತ್ತು ರಾಷ್ಟ್ರೀಯ ರಜಾದಿನಗಳು

ಜಪಾನಿನ ಮೇಜಿ ಶಕೆಯ ಐದನೆಯ ವರ್ಷದ ಹನ್ನೆರಡನೆಯ ತಿಂಗಳಿಗೆ ಇದ್ದದ್ದು ಎರಡೇ ದಿನ. ಮೂರನೆಯ ದಿನ ಬೆಳಗಾದಾಗ ಅದು 1873ರ ಜನವರಿ 1 ಎನಿಸಿಕೊಂಡಿತು. ಹಳೆಯ ಪಂಚಾಂಗದ ಲೆಕ್ಕದಲ್ಲಿ ಇನ್ನೂ ನಾಲ್ಕು ವಾರ ದೂರವಿದ್ದ ಹೊಸ ವರ್ಷವು ರಾಜಾಜ್ಞೆಯ ಬಲದಿಂದ ಅಂದೇ ಬಂದುಬಿಟ್ಟಿತು. ಆಜ್ಞೆ ಹೊರಟದ್ದು 1872ರ ಡಿಸೆಂಬರ್ 9ರಂದು. ಪ್ರಜೆಗಳಿಗೆ ದೊರೆತ ಅವಧಿ ಮೂರು ವಾರಗಳಿಗಿಂತ ತುಸು ಹೆಚ್ಚು. ಮರುವರ್ಷದ ಪಂಚಾಂಗಗಳನ್ನು ಆಗಲೇ ಅಚ್ಚುಹಾಕಿಸಿದ್ದ ವ್ಯಾಪಾರಿಗಳ ಸರಕು ರದ್ದಿಯಾಯಿತು. ವರ್ಷಾಂತ್ಯದ ಸಾಲತೀರುವೆ, ಮನೆ ಶುಚಿಗೊಳಿಸುವಿಕೆ, ಹೊಸ ವರ್ಷದ ಅಕ್ಕಿಕಡುಬಿನ ಸಿದ್ಧತೆ ಎಲ್ಲವೂ ಅಸ್ತವ್ಯಸ್ತಗೊಂಡವು.

ಇಷ್ಟು ಅವಸರಕ್ಕೆ ಕಾರಣವೇನು? ಪಾಶ್ಚಾತ್ಯ ರಾಷ್ಟ್ರಗಳೊಡನೆ ಸರಿಸಮನಾಗಿ ವ್ಯವಹರಿಸಬೇಕೆಂಬ ಹಂಬಲವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ನಿಜವೇ. ಆದರೆ ಆ ಕಾಲದಲ್ಲಿ ಸರ್ಕಾರದ ಚುಕ್ಕಾಣಿ ಹಿಡಿದಿದ್ದವರಲ್ಲಿ ಒಬ್ಬನಾದ ಓಕುಮಾ ಶಿಗೆನೊಬು ತನ್ನ ನೆನಪುಗಳಲ್ಲಿ ಇನ್ನೊಂದು ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಹಳೆಯ ಗಣನೆಯಂತೆ ಮೇಜಿ ಆರನೆಯ ವರ್ಷದಲ್ಲಿ ಅಧಿಕಮಾಸವೊಂದು ಬರಲಿತ್ತು. ಅಧಿಕಾರಿಗಳಿಗೆ ಆಗತಾನೆ ಮಾಸಿಕ ವೇತನ ಆರಂಭವಾಗಿದ್ದುದರಿಂದ ಬೊಕ್ಕಸವು ಹದಿಮೂರು ತಿಂಗಳ ಸಂಬಳ ತೆರಬೇಕಾಗುತ್ತಿತ್ತು. ಹೊಸ ಪಂಚಾಂಗ ಆ ಹದಿಮೂರನೆಯ ತಿಂಗಳನ್ನು ಅಳಿಸಿತು. ಎರಡೇ ದಿನ ಬಾಳಿದ ಹನ್ನೆರಡನೆಯ ತಿಂಗಳಿನ ಸಂಬಳವೂ ಉಳಿಯಿತು. ಅವಸರದ ಗುರುತು ಆಜ್ಞೆಯ ಪಠ್ಯದಲ್ಲಿಯೇ ಇದೆ. ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನವೆಂದಷ್ಟೇ ಅದು ಹೇಳಿತೇ ಹೊರತು ಶತಮಾನದ ವರ್ಷಗಳಿಗಿರುವ ಅಪವಾದವನ್ನು ಹೇಳಲಿಲ್ಲ. 1900 ಸಮೀಪಿಸಿದಾಗ, 1898ರಲ್ಲಿ, ಮತ್ತೊಂದು ಆಜ್ಞೆಯಿಂದ ಆ ಲೋಪವನ್ನು ಸರಿಪಡಿಸಬೇಕಾಯಿತು.

ಜಪಾನಿನ ಹಳೆಯ ಕಾಲಗಣನೆಯನ್ನು ಕನ್ನಡ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಚೀನಾದಿಂದ ಬಂದು ಶತಮಾನಗಳ ಕಾಲ ತಿದ್ದುಪಡಿಗೊಂಡ ಅದು ಚಾಂದ್ರ-ಸೌರ ಪದ್ಧತಿ. ಅಮಾವಾಸ್ಯೆಗೆ ತಿಂಗಳು ಮೊದಲಾಗುತ್ತದೆ, ಹದಿನೈದನೆಯ ದಿನದ ಸುಮಾರಿಗೆ ಹುಣ್ಣಿಮೆ ಬರುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರುತ್ತದೆ. ಇದರಿಂದ ದಿನದ ಸಂಖ್ಯೆಯೇ ಆಕಾಶದ ಸ್ಥಿತಿಯನ್ನು ಹೇಳುತ್ತಿತ್ತು. 'ಏಳನೆಯ ತಿಂಗಳ ಏಳು' ಎಂದರೆ ಸಪ್ತಮಿಯ ಅರ್ಧಚಂದ್ರ. 'ಎಂಟನೆಯ ತಿಂಗಳ ಹದಿನೈದು' ಎಂದರೆ ಶರತ್ಕಾಲದ ಪೂರ್ಣಚಂದ್ರ. ಹೊಸ ಪದ್ಧತಿ ಸಂಖ್ಯೆಗಳನ್ನು ಉಳಿಸಿಕೊಂಡು ಚಂದ್ರನನ್ನು ಕೈಬಿಟ್ಟಿತು. ಮುಂದಿನ ಒಂದೂವರೆ ಶತಮಾನದಲ್ಲಿ ಜಪಾನಿನ ಹಬ್ಬಗಳು ಪಟ್ಟ ಪಾಡೆಲ್ಲ ಈ ಒಂದು ವಿಚ್ಛೇದದಿಂದ ಹುಟ್ಟಿದ್ದು.

ಕಾಲಗಣನೆಯನ್ನು ಬದಲಿಸಿದ ಕೆಲವೇ ದಿನಗಳಲ್ಲಿ ಸರ್ಕಾರ ಹಬ್ಬಗಳಿಗೂ ಕೈಹಾಕಿತು. 1873ರ ಜನವರಿ 4ರಂದು ಐದು ಋತುಪರ್ವಗಳನ್ನು ರದ್ದುಗೊಳಿಸಲಾಯಿತು. ಮೊದಲ ತಿಂಗಳ ಏಳು, ಮೂರರ ಮೂರು, ಐದರ ಐದು, ಏಳರ ಏಳು, ಒಂಬತ್ತರ ಒಂಬತ್ತು ಇವೇ ಆ ಪರ್ವಗಳು. ತೊಕುಗಾವಾ ಆಳ್ವಿಕೆಯಲ್ಲಿ ಮಾನ್ಯವಾಗಿದ್ದ ಇವುಗಳ ಸ್ಥಾನದಲ್ಲಿ ಎರಡು ಹೊಸ ದಿನಗಳು ಬಂದವು: ಮೊದಲ ಚಕ್ರವರ್ತಿಯೆಂದು ಹೇಳಲಾಗುವ ಜಿಮ್ಮುವಿನ ಪಟ್ಟಾಭಿಷೇಕದ ದಿನ ಮತ್ತು ಆಳುವ ಚಕ್ರವರ್ತಿಯ ಜನ್ಮದಿನ. ಋತುವಿನ ಜಾಗದಲ್ಲಿ ರಾಜವಂಶ ಬಂದು ಕುಳಿತಿತು.

ಆದರೆ ಜಿಮ್ಮುವಿನ ದಿನ ಯಾವುದು? ಕ್ರಿ.ಶ. 720ರಲ್ಲಿ ಸಿದ್ಧವಾದ 'ನಿಹೊನ್ ಶೋಕಿ' ಎಂಬ ಚರಿತ್ರಗ್ರಂಥ ಆತ ಮೊದಲ ತಿಂಗಳ ಮೊದಲ ದಿನ ಪಟ್ಟವೇರಿದನೆಂದು ಹೇಳುತ್ತದೆ. ಆದ್ದರಿಂದ 1873ರಲ್ಲಿ ಆ ದಿನವನ್ನು ಜನವರಿ 29ರಂದು ಆಚರಿಸಲಾಯಿತು. ಅಂದು ಹಳೆಯ ಪಂಚಾಂಗದ ಯುಗಾದಿಯೂ ಹೌದು. ಜನರು ರದ್ದಾದ ತಮ್ಮ ಹೊಸ ವರ್ಷ ಮರಳಿ ಬಂದಿತೆಂದೇ ಭಾವಿಸಿದರು. ರಾಜ್ಯಸ್ಥಾಪನೆಯ ಹಬ್ಬ ಹಳೆಯ ಯುಗಾದಿಯಲ್ಲಿ ಕರಗಿಹೋಗುವುದೆಂದು ಅರಿತ ಸರ್ಕಾರ ಅದೇ ವರ್ಷ ಮತ್ತೊಮ್ಮೆ ಗಣಿತ ಮಾಡಿಸಿ, ಕ್ರಿ.ಪೂ. 660ರ ಆ ದಿನ ಫೆಬ್ರವರಿ 11ಕ್ಕೆ ಸಮನೆಂದು ನಿಗದಿಗೊಳಿಸಿತು. 1874ರಿಂದ 'ಕಿಗೆನ್‌ಸೆತ್ಸು' ಎಂಬ ಹೆಸರಿನ ಹಬ್ಬ ಆ ದಿನಕ್ಕೆ ಅಂಟಿಕೊಂಡಿತು. ಚಂದ್ರನಿಂದ ಬಿಡಿಸಿಕೊಂಡ ಮೇಲೆಯೇ ಅದು ನಿಜವಾಗಿ ಸರ್ಕಾರಿ ಹಬ್ಬವಾದದ್ದು.

ಕ್ರಿ.ಪೂ. 660 ಎಂಬ ವರ್ಷದ ಪ್ರಾಮಾಣ್ಯವೇನೆಂಬ ಪ್ರಶ್ನೆಯನ್ನು ಮೇಜಿ ಕಾಲದ ವಿದ್ವಾಂಸರೇ ಎತ್ತಿದ್ದರು. ಇತಿಹಾಸಕಾರ ನಾಕಾ ಮಿಚಿಯೊ ನೀಡಿದ ವಿವರಣೆ ಇಂದಿಗೂ ವ್ಯಾಪಕವಾಗಿ ಅಂಗೀಕೃತ. ಅರುವತ್ತು ಸಂವತ್ಸರಗಳ ಚಕ್ರದಲ್ಲಿ 'ಶಿನ್‌ಯು' ಎಂಬ ವರ್ಷದಲ್ಲಿ ರಾಜ್ಯಕ್ರಾಂತಿ ನಡೆಯುವುದೆಂದೂ, ಅಂಥ ಇಪ್ಪತ್ತೊಂದು ಚಕ್ರಗಳಿಗೊಮ್ಮೆ, ಅಂದರೆ 1,260 ವರ್ಷಗಳಿಗೊಮ್ಮೆ, ಮಹಾಪರಿವರ್ತನೆಯಾಗುವುದೆಂದೂ ಚೀನಾದ ಭವಿಷ್ಯಶಾಸ್ತ್ರದಲ್ಲಿ ನಂಬಿಕೆಯಿತ್ತು. ಸಾಮ್ರಾಜ್ಞಿ ಸುಯಿಕೊಳ ಆಳ್ವಿಕೆಗೆ ಸೇರಿದ ಕ್ರಿ.ಶ. 601 ಅಂಥ ವರ್ಷ. ಅಲ್ಲಿಂದ 1,260 ವರ್ಷ ಹಿಂದಕ್ಕೆ ಎಣಿಸಿದರೆ ಸಿಗುವುದು ಕ್ರಿ.ಪೂ. 660. ಪುರಾಣಕಾಲದ ಅರಸರಿಗೆ ನೂರು ವರ್ಷ ಮೀರಿದ ಆಯುಷ್ಯವನ್ನು ಕೊಟ್ಟು ನಡುವಿನ ಅಂತರವನ್ನು ತುಂಬಿಸಲಾಯಿತು. ರಾಜವಂಶಾವಳಿಗಳನ್ನು ಶಾಸನಗಳೊಡನೆ ತಾಳೆನೋಡಿ ಬಲ್ಲ ಯಾವ ಸಂಶೋಧಕನಿಗೂ ಈ ವಿಧಾನ ಅಪರಿಚಿತವಲ್ಲ.

ಆದರೂ ಆ ದಿನಕ್ಕೆ ರಾಜ್ಯ ತೂಕ ತುಂಬುತ್ತಲೇ ಹೋಯಿತು. 1889ರ ಸಂವಿಧಾನವನ್ನು ಬೇಕೆಂದೇ ಫೆಬ್ರವರಿ 11ರಂದು ಘೋಷಿಸಲಾಯಿತು. ಶಾಲೆಗಳಲ್ಲಿ ಮಕ್ಕಳು ಸಾಲಾಗಿ ನಿಂತು ಚಕ್ರವರ್ತಿಯ ಭಾವಚಿತ್ರಕ್ಕೆ ನಮಿಸುವ ವಿಧಿ ರೂಢಿಗೆ ಬಂದಿತು. ಆರಂಭದಲ್ಲಿ ಜನರಿಗೆ ಇದರಲ್ಲಿ ಆಸಕ್ತಿಯಿರಲಿಲ್ಲ ಎಂಬುದಕ್ಕೆ ಟೋಕಿಯೊದಲ್ಲಿ ವೈದ್ಯಶಾಸ್ತ್ರ ಬೋಧಿಸುತ್ತಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್‌ನ ದಿನಚರಿ ಸಾಕ್ಷಿ. 1880ರ ನವೆಂಬರ್ 3ರಂದು, ಚಕ್ರವರ್ತಿಯ ಜನ್ಮದಿನದಲ್ಲಿ, ಪೊಲೀಸರು ಒತ್ತಾಯಿಸಿದ ಮೇಲಷ್ಟೇ ಮನೆಗಳ ಮುಂದೆ ಬಾವುಟ ಕಾಣಿಸಿಕೊಳ್ಳುವುದನ್ನು ಆತ ಬೇಸರದಿಂದ ದಾಖಲಿಸಿದ್ದಾನೆ. ಅರುವತ್ತು ವರ್ಷಗಳ ಅನಂತರ, 1940ರಲ್ಲಿ, ಸಾಮ್ರಾಜ್ಯದ 2,600ನೆಯ ವರ್ಷವನ್ನು ದೇಶವೇ ಆಚರಿಸಿತು. ಆ ವೇಳೆಗೆ ಪ್ರಾಚೀನ ಚರಿತ್ರೆಯ ಗ್ರಂಥಗಳನ್ನು ವಿಮರ್ಶಾತ್ಮಕವಾಗಿ ಓದಿದ ತ್ಸುದಾ ಸೋಕಿಚಿಯ ಪುಸ್ತಕಗಳು ನಿಷೇಧಕ್ಕೊಳಗಾಗಿದ್ದವು, ಆತ ನ್ಯಾಯಾಲಯ ಹತ್ತಬೇಕಾಗಿತ್ತು. ಒಂದು ತಾರೀಖನ್ನು ಪ್ರಶ್ನಿಸುವುದು ಅಪರಾಧವಾಗುವ ಹಂತಕ್ಕೆ ಹಬ್ಬ ಬೆಳೆದಿತ್ತು.

ಇತ್ತ ರದ್ದಾದ ಋತುಪರ್ವಗಳು ಅಳಿಯಲಿಲ್ಲ. ಆದರೆ ಅವುಗಳ ನೆಲೆ ತಪ್ಪಿತು. ನೇಕಾರ್ತಿ ಮತ್ತು ದನಗಾಹಿ ಎಂಬ ಎರಡು ನಕ್ಷತ್ರಗಳು ವರ್ಷಕ್ಕೊಮ್ಮೆ ಆಕಾಶಗಂಗೆಯನ್ನು ದಾಟಿ ಸಂಧಿಸುವ ತಾನಾಬಾತಾ ಹಬ್ಬ ಏಳರ ಏಳಕ್ಕೆ ಸೇರಿದ್ದು. ಹಳೆಯ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಆಗಸ್ಟಿನಲ್ಲಿ ಬೀಳುತ್ತದೆ. ಅರ್ಧಚಂದ್ರ ನಡುರಾತ್ರಿಯ ಸುಮಾರಿಗೆ ಮುಳುಗಿದ ಬಳಿಕ ಕತ್ತಲೆಯ ಆಕಾಶದಲ್ಲಿ ತಾರೆಗಳು ಸ್ಪಷ್ಟವಾಗುತ್ತವೆ. ಜುಲೈ 7 ಎಂದರೆ ಹಲವೆಡೆ ಮಳೆಗಾಲದ ನಡುಭಾಗ. ನಕ್ಷತ್ರಗಳ ಸಮಾಗಮಕ್ಕೆ ಮೋಡಗಳೇ ಸಾಕ್ಷಿ. ಒಂಬತ್ತರ ಒಂಬತ್ತು ಸೇವಂತಿಗೆಯ ಹಬ್ಬ, ಆದರೆ ಸೆಪ್ಟೆಂಬರ್ 9ಕ್ಕೆ ಸೇವಂತಿಗೆ ಅರಳಿರುವುದಿಲ್ಲ. ಪೀಚ್ ಹೂವಿನ ಹಬ್ಬಕ್ಕೆ ಮಾರ್ಚ್ 3ರಂದು ತೋಟದ ಮರ ಹೂ ಕೊಡದು. ಸೆಂದಾಯ್ ನಗರ ತಾನಾಬಾತಾವನ್ನು ಒಂದು ತಿಂಗಳು ಮುಂದೂಡಿ ಆಗಸ್ಟ್ 6ರಿಂದ 8ರವರೆಗೆ ಆಚರಿಸುವುದು ಈ ತೊಡಕಿಗೆ ಕಂಡುಕೊಂಡ ದಾರಿ.

ಪಿತೃಗಳು ಮನೆಗೆ ಬರುವರೆಂದು ನಂಬುವ ಬೋನ್ ಹಬ್ಬದ ಸ್ಥಿತಿ ಇನ್ನೂ ಸೋಜಿಗದ್ದು. ಅದು ಏಳನೆಯ ತಿಂಗಳ ಹುಣ್ಣಿಮೆಗೆ ಸೇರಿದ್ದು; ಊರವರೆಲ್ಲ ರಾತ್ರಿ ಕುಣಿಯುವುದಕ್ಕೆ ಬೆಳದಿಂಗಳೇ ದೀಪ. ಈಗ ಟೋಕಿಯೊದಲ್ಲಿ ಅದು ಜುಲೈ 15ರ ಸುಮಾರಿಗೆ, ಬಹುತೇಕ ಉಳಿದ ಪ್ರಾಂತಗಳಲ್ಲಿ ಆಗಸ್ಟ್ 15ರ ಸುಮಾರಿಗೆ, ಓಕಿನಾವಾದಲ್ಲಿ ಹಳೆಯ ಪಂಚಾಂಗದಂತೆಯೇ ನಡೆಯುತ್ತದೆ. ಒಂದೇ ದೇಶದ ಪಿತೃಗಳು ಮೂರು ಬೇರೆ ಬೇರೆ ದಿನ ಮನೆಗೆ ಮರಳುತ್ತಾರೆ. 1945ರಲ್ಲಿ ಚಕ್ರವರ್ತಿಯ ಶರಣಾಗತಿಯ ವಾಣಿ ಬಾನುಲಿಯಲ್ಲಿ ಕೇಳಿಸಿದ್ದು ಆಗಸ್ಟ್ 15ರಂದು. ಹೀಗಾಗಿ ಮನೆಯ ಹಿರಿಯರ ಸ್ಮರಣೆಯ ದಿನವೇ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನವೂ ಆಯಿತು. ಇದನ್ನು ಯಾರೂ ಯೋಜಿಸಲಿಲ್ಲ.

ಹೀಗೆ ಮುಂದಕ್ಕೂ ಹಿಂದಕ್ಕೂ ಸರಿಯದೆ ನಿಂತದ್ದು ಎಂಟನೆಯ ತಿಂಗಳ ಹುಣ್ಣಿಮೆಯ ಚಂದ್ರದರ್ಶನ. ಆಗಸ್ಟ್ 15ರಂದಾಗಲಿ ಸೆಪ್ಟೆಂಬರ್ 15ರಂದಾಗಲಿ ಚಂದ್ರ ತುಂಬಿರಲೇಬೇಕೆಂದಿಲ್ಲವಾದ್ದರಿಂದ ಅದನ್ನು ಇಂದಿಗೂ ಹಳೆಯ ಗಣನೆಯಂತೆಯೇ ನೋಡಿಕೊಳ್ಳಲಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. 905ರ ಸುಮಾರಿಗೆ ಸಂಕಲಿತವಾದ 'ಕೊಕಿನ್‌ಶು' ಕಾವ್ಯಸಂಗ್ರಹದ ಮೊದಲ ಪದ್ಯದ ವಸ್ತುವೇ ಪಂಚಾಂಗದ ಒಂದು ಸಮಸ್ಯೆ: ವರ್ಷ ಮುಗಿಯುವ ಮುನ್ನವೇ ವಸಂತ ಬಂದಾಗ ಅದನ್ನು ಯಾವ ವರ್ಷಕ್ಕೆ ಸೇರಿಸಬೇಕು ಎಂಬುದು. ಸೌರಮಾನದ ವಸಂತಾರಂಭವೂ ಚಾಂದ್ರಮಾನದ ಹೊಸ ವರ್ಷವೂ ಸಮೀಪದಲ್ಲಿದ್ದ ಕಾಲದ ಓದುಗನಿಗೆ ಅದು ಆಗಾಗ ಎದುರಾಗುವ ಅನುಭವ. ಜನವರಿ 1ಕ್ಕೆ ವರ್ಷ ಆರಂಭವಾಗುವ ಕಾಲದ ಓದುಗನಿಗೆ ಟಿಪ್ಪಣಿ ಬೇಕು. ಹಾಯ್ಕು ಕವಿಗಳು ಬಳಸುವ ಋತುಕೋಶಗಳು ತಾನಾಬಾತಾವನ್ನು ಇಂದಿಗೂ ಶರದೃತುವಿನ ಪದವೆಂದೇ ವರ್ಗೀಕರಿಸುತ್ತವೆ, ಮಕ್ಕಳು ಅದನ್ನು ಜುಲೈ ಮಳೆಯಲ್ಲಿ ಆಚರಿಸುತ್ತಿದ್ದರೂ. ಕೊರೆಯುವ ಜನವರಿಯ ಶುಭಾಶಯಪತ್ರಗಳಲ್ಲಿ ಇಂದಿಗೂ ವಸಂತಕ್ಕೆ ಸ್ವಾಗತವಿರುತ್ತದೆ.

ಭಾರತದಲ್ಲಿಯೂ ಸರ್ಕಾರ ಪಂಚಾಂಗವನ್ನು ಸುಧಾರಿಸಿತು. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂದಿತು. ಅದು ರಾಜಪತ್ರದಲ್ಲಿ, ಆಕಾಶವಾಣಿಯಲ್ಲಿ ಉಳಿಯಿತು. ಯುಗಾದಿ, ದೀಪಾವಳಿಗಳು ಹಳೆಯ ತಿಥಿಗಳಲ್ಲಿಯೇ ಮುಂದುವರಿದವು. ಮೇಜಿ ಸರ್ಕಾರ ಹಬ್ಬದ ದಿನವನ್ನೇ ಅಪಹರಿಸಿತು ಎಂಬುದು ಈ ಹೋಲಿಕೆಯಿಂದ ಸ್ಫುಟವಾಗುತ್ತದೆ.

ಯುದ್ಧದ ಸೋಲಿನ ಬಳಿಕ, 1948ರ ಜುಲೈ 20ರಂದು, ರಾಷ್ಟ್ರೀಯ ರಜಾದಿನಗಳ ಹೊಸ ಕಾನೂನು ಬಂದಿತು. ಅದರಲ್ಲಿದ್ದದ್ದು ಒಂಬತ್ತು ದಿನಗಳು. ಪ್ರಭುತ್ವ ಮತ್ತು ಶಿಂತೋ ಧರ್ಮದ ಸಂಬಂಧ ಕಡಿದುಹೋಗಿದ್ದುದರಿಂದ ಹಬ್ಬದ ಹೆಸರುಗಳಲ್ಲಿ ದೇವರಾಗಲಿ ಪೂರ್ವ ಚಕ್ರವರ್ತಿಗಳಾಗಲಿ ಇರುವಂತಿರಲಿಲ್ಲ. ಹೆಸರುಗಳು ಬದಲಾದವು, ದಿನಗಳು ಉಳಿದವು. ಮೇಜಿ ಚಕ್ರವರ್ತಿಯ ಜನ್ಮದಿನವಾದ ನವೆಂಬರ್ 3 'ಸಂಸ್ಕೃತಿ ದಿನ'ವಾಯಿತು. ಹೊಸ ಸಂವಿಧಾನವನ್ನು 1946ರಲ್ಲಿ ಅದೇ ದಿನ ಘೋಷಿಸಿದ್ದುದು ಈ ಹೆಸರಿಗೆ ನೆರವಾಯಿತು. ರದ್ದಾಗಿದ್ದ ಐದರ ಐದು ಮಕ್ಕಳ ದಿನವಾಗಿ ಎಪ್ಪತ್ತೈದು ವರ್ಷಗಳ ಅನಂತರ ಮರಳಿತು. ಶೋವಾ ಚಕ್ರವರ್ತಿಯ ಜನ್ಮದಿನವಾದ ಏಪ್ರಿಲ್ 29ರ ಕಥೆ ಇನ್ನೂ ಉದ್ದವಾದುದು: ಆತ 1989ರಲ್ಲಿ ತೀರಿಕೊಂಡ ಮೇಲೆ ಅದು 'ಹಸಿರು ದಿನ', 2007ರಿಂದ 'ಶೋವಾ ದಿನ'.

ಆ ಒಂಬತ್ತರಲ್ಲಿ ಫೆಬ್ರವರಿ 11 ಇರಲಿಲ್ಲ. ಅದನ್ನು ಮರಳಿ ತರಬೇಕೆಂಬ ಮಸೂದೆಗಳು 1950ರ ದಶಕದ ಕೊನೆಯಿಂದ ಮತ್ತೆ ಮತ್ತೆ ಮಂಡಿತವಾದವು, ಬಿದ್ದುಹೋದವು. ವಿರೋಧಿಸಿದ ಇತಿಹಾಸಕಾರರ ಸಾಲಿನಲ್ಲಿ ಒಬ್ಬ ರಾಜಕುಮಾರನೂ ಇದ್ದ. ಚಕ್ರವರ್ತಿಯ ತಮ್ಮನೂ ಪ್ರಾಚೀನ ಪೂರ್ವದೇಶಗಳ ಚರಿತ್ರೆಯ ವಿದ್ವಾಂಸನೂ ಆಗಿದ್ದ ಮಿಕಾಸಾ, ಆಧಾರವಿಲ್ಲದ ತಾರೀಖನ್ನು ಸತ್ಯವೆಂದು ಸಾರಬಾರದೆಂದು ವಾದಿಸಿ, 1959ರಲ್ಲಿ ವಿದ್ವಾಂಸರ ಲೇಖನಗಳ ಸಂಪುಟವೊಂದನ್ನೇ ಸಂಪಾದಿಸಿದ. ತನ್ನ ಕುಲದ ಮೂಲಪುರುಷನ ದಿನವನ್ನು ನಿರಾಕರಿಸುವುದು ಅವನಿಗೆ ಸುಲಭದ ಮಾತಾಗಿರಲಾರದು. ಈ ಇಡೀ ಪ್ರಸಂಗದಲ್ಲಿ ವಿದ್ವತ್ತಿನ ಘನತೆಯನ್ನು ಕಾಣಬಹುದಾದ ಕ್ಷಣವಿದು.

1966ರಲ್ಲಿ ಆದ ರಾಜಿ ವ್ಯಾಕರಣದ್ದು. ಕಾನೂನಿನಲ್ಲಿ ತಾರೀಖನ್ನೇ ಬರೆಯದೆ ಅದನ್ನು ಮಂತ್ರಿಮಂಡಲದ ಆದೇಶಕ್ಕೆ ಬಿಡಲಾಯಿತು. ಹೆಸರಿನ ನಡುವೆ 'ನೊ' ಎಂಬ ಷಷ್ಠೀ ವಿಭಕ್ತಿಯ ಪ್ರತ್ಯಯ ಸೇರಿತು. 'ರಾಷ್ಟ್ರಸ್ಥಾಪನಾ ದಿನ' ಎಂದರೆ ಸ್ಥಾಪನೆ ಅಂದೇ ನಡೆಯಿತೆಂದಾಗುತ್ತದೆ. 'ರಾಷ್ಟ್ರಸ್ಥಾಪನೆಯನ್ನು ನೆನೆಯುವುದರ ದಿನ' ಎಂದರೆ ಎಂದೋ ಆದ ಸ್ಥಾಪನೆಯನ್ನು ಅಂದು ನೆನೆಯುವುದೆಂದು ಅರ್ಥೈಸಬಹುದು. ಒಂದಕ್ಷರದ ಆಶ್ರಯದಲ್ಲಿ ಎರಡೂ ಪಕ್ಷಗಳು ನಿಂತವು. ಆದೇಶ ಆರಿಸಿದ ದಿನವಂತೂ ಫೆಬ್ರವರಿ 11; ಮೊದಲ ಆಚರಣೆ 1967ರಲ್ಲಿ.

ಎಲ್ಲಕ್ಕಿಂತ ಹಳೆಯ ಪದರ ಉಳಿದಿರುವುದು ನವೆಂಬರ್ 23ರಲ್ಲಿ. 'ನೀನಾಮೆಸಾಯ್' ಎಂಬುದು ಚಕ್ರವರ್ತಿ ಹೊಸ ಅಕ್ಕಿಯನ್ನು ದೇವತೆಗಳಿಗೆ ನಿವೇದಿಸಿ ತಾನೂ ಉಣ್ಣುವ ವಿಧಿ; ಕೊಡಗಿನ ಪುತ್ತರಿಯನ್ನು ಬಲ್ಲವರಿಗೆ ಅದರ ಭಾವ ತಿಳಿಯದ್ದೇನಲ್ಲ. ಹಿಂದೆ ಅದು ಹನ್ನೊಂದನೆಯ ತಿಂಗಳ ಎರಡನೆಯ ಮೊಲದ ದಿನದಂದು ನಡೆಯುತ್ತಿತ್ತು. 1873ರ ನವೆಂಬರಿನಲ್ಲಿ ಆ ದಿನ 23ನೆಯ ತಾರೀಖಿಗೆ ಬಿದ್ದಿತು. ಆ ಒಂದು ವರ್ಷದ ಆಕಸ್ಮಿಕವೇ ಮುಂದೆ ಶಾಶ್ವತ ತಾರೀಖಾಯಿತು. 1948ರ ಕಾನೂನು ಅದನ್ನು 'ಶ್ರಮಕ್ಕೆ ಕೃತಜ್ಞತೆಯ ದಿನ'ವೆಂದು ಕರೆದು, ದುಡಿಮೆಯನ್ನು ಗೌರವಿಸಿ ಉತ್ಪಾದನೆಯನ್ನು ಸಂಭ್ರಮಿಸುವ ದಿನವೆಂದು ವಿವರಿಸಿತು. ಕಚೇರಿ, ಕಾರ್ಖಾನೆಗಳಿಗೆ ಅಂದು ರಜೆ. ಸಂಜೆಯಾದ ಮೇಲೆ ಅರಮನೆಯ ಆವರಣದಲ್ಲಿ ಚಕ್ರವರ್ತಿ ಬಿಳಿಯ ರೇಷ್ಮೆಯುಟ್ಟು ಹೊಸ ಅಕ್ಕಿಯ ನೈವೇದ್ಯದ ಮುಂದೆ ಕುಳಿತುಕೊಳ್ಳುತ್ತಾನೆ.