ಅವ್ವ ಹುಟ್ಟಿದ ವರ್ಷ, 1956

ನಮ್ಮ ಅವ್ವಗ ಹುಟ್ಟಿದ ದಿನ ಎರಡು ಅದಾವ. ಸಾಲಿ ದಾಖಲೆದಾಗ 1956ರ ಜೂನ್ 1. ನಿಮ್ಮ ಮನಿಯಾಗೂ ಜೂನ್ 1ಕ್ಕ ಹುಟ್ಟಿದವರು ನಾಕೈದು ಮಂದಿ ಇದ್ದ ಇರ್ತಾರ, ಅದು ಮಾಸ್ತರ ಕೊಟ್ಟ ತಾರೀಖು! ನಮ್ಮ ಆಯಿ ಹೇಳ್ತಿದ್ದದ್ದು ಬ್ಯಾರೆ: "ಕರ್ನಾಟಕ ಒಂದಾದ ವರ್ಷ, ದೀಪಾವಳಿ ಅಮಾಸಿ ಹೊತ್ತಿಗೆ, ಮನಿ ಸಾರಸೂ ಮುಂದ ಬ್ಯಾನಿ ಸುರು ಆತು." ಹುಡುಕಿ ನೋಡಿದ್ರ ಆ ವರ್ಷ ದೀಪಾವಳಿ ಅಮಾಸಿ ನವೆಂಬರ್ 2ಕ್ಕ ಬಂದಿತ್ತು. ಅಂದ್ರ ಅವ್ವ ಹುಟ್ಟಿದ್ದು ರಾಜ್ಯೋತ್ಸವದ ಅಕ್ಕಪಕ್ಕದಾಗ.

ಅವ್ವಗ 70 ತುಂಬಾಕ ಬಂತಲ್ಲ, ಆ ವರ್ಷ ಜಗತ್ತಿನಾಗ ಏನೇನು ಆತು ಅಂತ ಬರಕೊಂಡು ಮೊಮ್ಮಕ್ಕಳ ಮುಂದ ಓದೂಣು ಅಂತ ಕುಂತೆ. ಬರೀತಾ ಬರೀತಾ ಅದು ನಮ್ಮ ಮನಿ ಮಾತಿಗೇ ಬಂದು ನಿಂತಿತು.

ಮೊದಲ ನಮ್ಮ ಕಡಿ ಸುದ್ದಿ. ಅಲ್ಲೀ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರು ಮುಂಬಯಿ ರಾಜ್ಯದಾಗ. ಕಲಬುರ್ಗಿ, ರಾಯಚೂರು, ಬೀದರ ಹೈದರಾಬಾದಿನಾಗ. ಮಂಗಳೂರು ಕಡೆಯವರು ಮದರಾಸಿನಾಗ, ಕೊಡಗು ತನ್ನಷ್ಟಕ್ಕ ತಾನು. ಅಕ್ಕನ್ನ ರಾಯಚೂರಿಗೆ ಕೊಟ್ಟು, ತಂಗೀನ್ನ ಧಾರವಾಡಕ್ಕ ಕೊಟ್ರ, ಇಬ್ಬರೂ ಎರಡು ರಾಜ್ಯದವರು. ಇದನ್ನ ಒಂದು ಮಾಡ್ರಿ ಅಂತ ಹುಬ್ಬಳ್ಳಿ ಹತ್ರ ಅದರಗುಂಚಿಯಾಗ ಶಂಕರಗೌಡ ಪಾಟೀಲರು 1953ರಾಗ ಉಪವಾಸ ಕುಂತಿದ್ರು. 1956ರ ನವೆಂಬರ್ 1ಕ್ಕ ಎಲ್ಲಾ ತುಂಡು ಕೂಡಿದ್ವು, ಎಸ್. ನಿಜಲಿಂಗಪ್ಪನವರು ಮೊದಲ ಮುಖ್ಯಮಂತ್ರಿ ಆದ್ರು. ಹೆಸರು ಮಾತ್ರ ಮೈಸೂರು ರಾಜ್ಯ ಅಂತನ ಇತ್ತು, ಕರ್ನಾಟಕ ಆಗಿದ್ದು 1973ರಾಗ. ಆಯಿ ಮಾತ್ರ ಮೊದಲಿಂದನೂ ಕರ್ನಾಟಕ ಅಂತನ ಅಂತಿದ್ಲು.

ಹೊರಗಿನ ಜಗತ್ತೂ ಸುಮ್ಮನ ಇದ್ದಿದ್ದಿಲ್ಲ. ಸೂಡಾನ್, ಮೊರಾಕ್ಕೊ, ಟ್ಯುನೀಶಿಯಾ ಆ ವರ್ಷ ಸ್ವತಂತ್ರ ಆದ್ವು. ಜುಲೈ 26ಕ್ಕ ಈಜಿಪ್ತಿನ ನಾಸರ್ ಸುಯೆಜ್ ಕಾಲುವಿ ನಮ್ಮದು ಅಂದ. ಅದಕ್ಕ ಇಸ್ರೇಲ್, ಇಂಗ್ಲೆಂಡ್, ಫ್ರಾನ್ಸ್ ಕೂಡಿ ಯುದ್ಧಕ್ಕ ಹೋದ್ವು. ನಮ್ಮವ್ವ ಹುಟ್ಟಿದ ಆ ವಾರದಾಗನ ಹಂಗೇರಿಯೊಳಗ ರಶಿಯಾದ ಟ್ಯಾಂಕ್ ನುಗ್ಗಿದ್ವು.

ನನಗ ಭಾಳ ಮನಸ್ಸಿಗೆ ನಾಟಿದ್ದು ಎರಡು ಹೆಣ್ಣುಮಕ್ಕಳ ಸುದ್ದಿ. ಆಗಸ್ಟ್ 9ಕ್ಕ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಾಗ ಸುಮಾರು 20,000 ಹೆಣ್ಣುಮಕ್ಕಳು ಸರಕಾರದ ಬಾಗಲಿಗೆ ಹೋದ್ರು. ಕರಿಯರು ಎಲ್ಲಿ ಹೋದ್ರೂ ಪಾಸ್ ಹಿಡಕೊಂಡು ಅಡ್ಡಾಡಬೇಕು ಅನ್ನೂ ಕಾಯ್ದೆ ಹೆಂಗಸರ ಮ್ಯಾಲೂ ತಂದಿದ್ರಲ್ಲ, ಅದು ಬ್ಯಾಡ ಅಂತ. ಬೆನ್ನಿಗೆ ಕೂಸು ಕಟಗೊಂಡು ಬಂದವರು, ಅರ್ಧ ತಾಸು ಒಂದು ಮಾತಿಲ್ಲದ ನಿಂತ್ರಂತ. ಎರಡನೇದ್ದು ಅಮೆರಿಕಾದ ಅಲಬಾಮಾದ್ದು. ರೋಸಾ ಪಾರ್ಕ್ಸ್ ಅನ್ನೂ ಹೊಲಿಗಿ ಕೆಲಸದಾಕಿ 1955ರ ಡಿಸೆಂಬರ್‌ದಾಗ ಬಸ್ಸಿನಾಗ ಬಿಳಿಯರಿಗೆ ಸೀಟು ಬಿಡಲಿಲ್ಲ. ಆಕೀನ್ನ ಹಿಡದಿದ್ದಕ್ಕ ಮಾಂಟ್ಗೋಮರಿ ಊರಿನ ಕರಿಯರು 381 ದಿನ ಬಸ್ ಹತ್ತಲಿಲ್ಲ. ಮಂದಿ ಮನಿಯಾಗ ಅಡಗಿ, ಕಸ ಮುಸುರಿ ಮಾಡೂ ಹೆಂಗಸರು ಮೈಲುಗಟ್ಟಲೆ ನಡದು ಹೋದ್ರು. 1956ರ ಡಿಸೆಂಬರ್ 21ಕ್ಕ ಬಸ್ಸಿನಾಗ ಎಲ್ಲಾರೂ ಎಲ್ಲೆ ಬೇಕಾದಲ್ಲೆ ಕುಂದ್ರೂ ಹಂಗಾತು. ಅದ ಅಲಬಾಮಾದಾಗ ಆ ಅಕ್ಟೋಬರ್ 17ಕ್ಕ ಮೇ ಜೆಮಿಸನ್ ಹುಟ್ಟಿದ್ಲು. ಬಾಹ್ಯಾಕಾಶಕ್ಕ ಹೋದ ಮೊದಲ ಕರಿಯ ಹೆಣ್ಣುಮಗಳು ಆಕೀನ, 1992ರಾಗ. ಮರುದಿನ ಪ್ರಾಗ್ ಊರಾಗ ಟೆನಿಸ್ ಆಟಗಾರ್ತಿ ಮಾರ್ಟಿನಾ ನವ್ರಾಟಿಲೋವಾ ಹುಟ್ಟಿದ್ಲು. ನಮ್ಮವ್ವನ ಓರಗಿಯವರು ನೋಡ್ರಿ!

ಹೋದವರೂ ದೊಡ್ಡವರ. ಫೆಬ್ರವರಿಯಾಗ ವಿಜ್ಞಾನಿ ಮೇಘನಾದ ಸಹಾ. ಮಾರ್ಚ್‌ದಾಗ ಮೇರಿ ಕ್ಯೂರಿ ಮಗಳು ಐರೀನ್, ತಾಯಿ ಹಂಗ ನೊಬೆಲ್ ಪಡದಾಕಿ, ರಕ್ತದ ಕ್ಯಾನ್ಸರಿನಿಂದ ಹೋದ್ಲು. ಡಿಸೆಂಬರ್ 6ಕ್ಕ ಮೆಲ್ಬೋರ್ನ್ ಒಲಿಂಪಿಕ್ಸಿನಾಗ ಭಾರತ ಪಾಕಿಸ್ತಾನವನ್ನ 1-0 ಸೋಲಿಸಿ ಹಾಕಿ ಬಂಗಾರ ಗೆದ್ದಿತು. ಅದ ದಿನ ದಿಲ್ಲಿಯಾಗ ಅಂಬೇಡ್ಕರರು ತೀರಿಕೊಂಡ್ರು. ನಾಗಪುರದಾಗ ಬೌದ್ಧ ಧರ್ಮ ತೊಗೊಂಡು ಎರಡು ತಿಂಗಳೂ ಆಗಿದ್ದಿಲ್ಲ.

ಅಂಬೇಡ್ಕರರ ಹೆಸರು ಬಂದ ಮ್ಯಾಲೆ ನಮ್ಮ ಮನಿ ಮಾತು. ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು ಕೊಡೂ ಹಿಂದೂ ಸಂಹಿತೆ ಮಸೂದೆ ಪಾಸ್ ಆಗಲಿಲ್ಲಂತ ಅವರು 1951ರಾಗ ಮಂತ್ರಿ ಪದವಿ ಬಿಟ್ಟಿದ್ರು. ಮುಂದ ಅದನ್ನ ನಾಕು ತುಂಡು ಮಾಡಿ ತಂದ್ರು. ಅದರಾಗ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ಕ್ಕ. ಅಪ್ಪ ಗಳಿಸಿದ ಆಸ್ತಿ, ಉಯಿಲು ಬರೀಲಾರದ ತೀರಿಕೊಂಡ್ರ, ಅವನ ತಾಯಿ, ಹೆಂಡ್ತಿ, ಮಗ, ಮಗಳು ಎಲ್ಲಾರಿಗೂ ಸಮ ಪಾಲು. ಗಂಡನ ಆಸ್ತಿ ಬರೇ ಉಂಡು ಬದುಕಾಕ ಅಂತಿದ್ದ ವಿಧವೆಗೆ ಪೂರಾ ಒಡೆತನ ಬಂತು. ಆದರ ಪಿತ್ರಾರ್ಜಿತದಾಗ ಹುಟ್ಟಿನಿಂದ ಬರೂ ಹಕ್ಕು ಗಂಡುಮಕ್ಕಳಿಗೆ ಅಷ್ಟ ಉಳೀತು. ಮಗಳಿಗೆ ಅಪ್ಪನ ಪಾಲಿನಾಗಿನ ಸಣ್ಣ ತುಂಡು. ನಮ್ಮ ರಾಜ್ಯ 1994ರಾಗ ಅದನ್ನ ಬದಲಿಸಿತು, ಆದ್ರ ಅದಕ್ಕೂ ಮೊದಲ ಲಗ್ನ ಆದವರನ್ನ ಬಿಟ್ಟು. ಲಗ್ನ ಆಗಲಿ ಬಿಡಲಿ, ಮಗಳು ಮಗನಷ್ಟ ಅಂತ ಇಡೀ ದೇಶಕ್ಕ ಆಗಿದ್ದು 2005ರಾಗ.

ನಮ್ಮ ಅಜ್ಜ 1988ರಾಗ ತೀರಿಕೊಂಡ್ರು. ತಿಂಗಳಾಗೂದ್ರಾಗ ಮಾವಂದಿರು ಅವ್ವನ್ನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕ ಸಹಿ ಮಾಡಿಸಿದ್ರು. ಬರೂ ಮುಂದ ಒಂದು ಇಲಕಲ್ ಸೀರಿ, ಖಣ ಕೊಟ್ಟು ಉಡಿ ತುಂಬಿ ಕಳಸಿದ್ರು. ಅವ್ವಗ ಬ್ಯಾಸರ ಇದ್ದಿದ್ದಿಲ್ಲ. ದೊಡ್ಡ ಮಾವ ಇರೂ ತನಕ ವರ್ಷಾ ಒಂದು ಚೀಲ ಜ್ವಾಳ ಬರ್ತಿತ್ತು, ಪಂಚಮಿಗೆ ಕರಿಯಾಕ ಬರ್ತಿದ್ರು. ಮಾವ ಹೋದ ಮ್ಯಾಲೆ ಜ್ವಾಳಾನೂ ನಿಂತ್ವು, ಕರಿಯೂದೂ ನಿಂತಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ರಿಜಿಸ್ಟರ್ ಆದ ಪಾಲು ಹೊಸ ಕಾಯ್ದೆ ಬಂದ್ರೂ ಹಂಗ ಉಳೀತಾವ, ಅದನ್ನ ಈಗ ತಿರುಗಿ ಕೇಳಾಕೂ ಬರೂದಿಲ್ಲ.

ಇದೆಲ್ಲಾ ಯಾಕ ಹೇಳಿದೆ ಅಂದ್ರ, ನಮ್ಮ ಅಪ್ಪಾಜಿ ಹೋಗಿ ಎರಡು ವರ್ಷ ಆತು, ಈಗ ಅಂಥದ್ದ ಒಂದು ಕಾಗದ ನಮ್ಮ ಮನಿ ಟ್ರೆಝರಿಯಾಗ ಐತಿ, ನನ್ನ ಸಹಿಗೆ ಕಾಯಕೊಂತ. ತಂದಾವ ನನ್ನ ತಮ್ಮ. ಒಳ್ಳೇ ಹುಡುಗ, ಅವ್ವನ್ನ ನೋಡಿಕೊಳ್ಳಾವ ಅವನ. ಇದನ್ನೂ ಓದ್ತಾನ, ಓದ್ಲಿ.

ಮೊನ್ನೆ ಅವ್ವನ ಮುಂದ ಈ ವರ್ಷದ ಕತಿ ಎಲ್ಲಾ ಓದಿದೆ. ಪ್ರಿಟೋರಿಯಾದ ಹೆಂಗಸರ ಸುದ್ದಿಗೆ "ಕೂಸು ಕಟಗೊಂಡು ಹೋಗಿದ್ರ?" ಅಂತ ಎರಡು ಸರ್ತಿ ಕೇಳಿದ್ಲು. ಜೂನ್ 17ರ ಕಾಯ್ದೆ ಬಂದಾಗ ಕನ್ನಡಕ ತಗದು ಸೆರಗಿನಿಂದ ಒರಿಸಿಕೊಂಡು, "ಹಂಗಾದ್ರ ನಾ ಹುಟ್ಟೂಕ್ಕಿಂತ ಮೊದಲ ಅದು ಬಂದಿತ್ತು?" ಅಂದ್ಲು. ಹೂಂ ಅಂದೆ. "ನಾ ಓದಲಾರದ ಸಹಿ ಮಾಡಿದೆ. ನೀ ಓದಿ ಮಾಡು. ಮಾಡಬ್ಯಾಡ ಅನ್ನಂಗಿಲ್ಲ ನಾ, ಓದಿ ಮಾಡು."

ದೀಪಾವಳಿಗೆ ತಮ್ಮ ಬರ್ತಾನ. ಕಾಗದ ಇಬ್ಬರೂ ಕುಂತು ಅವ್ವನ ಮುಂದನ ಓದ್ತೀವಿ. ನಿಮ್ಮ ಟ್ರೆಝರಿಯಾಗೂ ಅಂಥದ್ದು ಏನರ ಇದ್ರ ತಗದು ಓದ್ರೆವಾ.