ರೆಕ್ಕೆ ಬಾಗಿಲಿನ ಬೆಂಜ್, ಉದ್ದ ಮೂತಿಯ ಜಾಗ್ವಾರ್

ಜರ್ಮನಿಯ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ (1954) ಕಾರಿನ ಬಾಗಿಲು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೇಳುವುದು ಬರೀ ಶೋಕಿಗಲ್ಲ. ತೆಳು ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಚೌಕಟ್ಟಿನ ಪಕ್ಕಗಳು ಎತ್ತರ. ಮಾಮೂಲಿ ಬಾಗಿಲಿಗೆ ಅಲ್ಲಿ ಜಾಗವೇ ಇರಲಿಲ್ಲ. ಒಳಗೆ ಕೂರಲು ಅನುಕೂಲವಾಗಲೆಂದು ಸ್ಟೀರಿಂಗ್ ಚಕ್ರವನ್ನೇ ಮಡಚುವಂತೆ ಮಾಡಿದ್ದಾರೆ, ಗಮನಿಸಿ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಇದರ ಎಂಜಿನ್ ಆ ಕಾಲಕ್ಕೆ ಅಪರೂಪ. ಈ ಕೂಪೆ (ಮುಚ್ಚಿದ ಮಾಡಿನ ಕಾರು) ತಯಾರಾದದ್ದು 1,400 ಮಾತ್ರ.

ಬ್ರಿಟನ್ನಿನ ಜಾಗ್ವಾರ್ ಇ-ಟೈಪ್ ಬಂದದ್ದು 1961ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ. ವಿಮಾನ ಕಾರ್ಖಾನೆಯಲ್ಲಿ ಪಳಗಿದ್ದ ಮಾಲ್ಕಮ್ ಸೇಯರ್ ಇದರ ಮೈಮಾಟವನ್ನು ಗಣಿತದ ಲೆಕ್ಕದಿಂದಲೇ ರೂಪಿಸಿದರು. 3.8 ಲೀಟರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್; ಬೆಂಜ್ ಕೂಪೆಗೆ ಡ್ರಮ್ ಬ್ರೇಕೇ ಗತಿಯಾಗಿತ್ತು. ಆದರೂ ಒಟ್ಟು ಯಂತ್ರಕೌಶಲದಲ್ಲಿ ಜರ್ಮನಿಯ ಕಾರು ಮೇಲು. ನೋಟಕ್ಕೆ ಮಾತ್ರ, ನಮ್ಮ ಮಟ್ಟಿಗೆ, ಜಾಗ್ವಾರೇ.